ಗ್ರಾನೈಟ್ ಕಿತ್ತು ಗರಿಕೆ ಬೆಳೆದೆವು

ನಮ್ಮ ಮನೆ ಮುಂದೆ ಹುಲ್ಲು ಬೆಳೆದಿದೆ! (ಪಾಳುಬಿದ್ದ ಮನೆ ಮುಂದೆ ತಾನೇ ಹುಲ್ಲು ಬೆಳೆಯುವುದು ಅನ್ನಬೇಡಿ. ನಾವೇ ಬೆಳೆಸಿದ್ದು. ಸಂಭ್ರಮ ಪಡುತ್ತಿದ್ದೇನೆ, ಪಡಲು ಬಿಡಿ.)

ಬಸವೇಶ್ವರನಗರದಲ್ಲಿ ನಮ್ಮದು ತರ್ಟಿ ಫಾರ್ಟಿ ಸೈಟಿನ ಮನೆ. ಗೇಟಿನಿಂದ ಬಾಗಿಲವರೆಗೂ ಗ್ರಾನೈಟ್. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಹೋದ ನಮ್ಮ ಅತ್ತೆ ಅದರ ಮೇಲೆ ಜಾರಿಬಿದ್ದರು. ಮಣಿಕಟ್ಟು ಮುರಿಯಿತು.

ಮೂಳೆಯೇನೋ ಕೂಡಿತು, ಧೈರ್ಯ ಕೂಡಲಿಲ್ಲ. ದಿನಾ ಸಂಜೆ ಬೀದಿ ಕೊನೆಯ ಪಾರ್ಕಿಗೆ ಹೋಗಿ ಗೆಳತಿಯರ ಜೊತೆ ಹರಟುತ್ತಿದ್ದವರು ಹೊಸ್ತಿಲು ದಾಟುವುದನ್ನೇ ಬಿಟ್ಟರು. ಬಾಗಿಲ ಬಳಿ ಒಂದು ಕುರ್ಚಿ, ಅಷ್ಟೇ ಅವರ ಪ್ರಪಂಚ.

"ಅಮ್ಮಂಗೋಸ್ಕರ ಈ ಕಲ್ಲು ಕಿತ್ತಾಕಿ ಲಾನ್ ಮಾಡ್ಬಿಡೋಣ ಕಣೇ" ಅಂದರು ನಮ್ಮ ಯಜಮಾನರು. ಲಾನ್! ನಮ್ಮನೆಗೆ! ನಾನು ಕುಣಿದಾಡುವುದೊಂದು ಬಾಕಿ.

ಗ್ರಾನೈಟ್ ಎದ್ದಿತು. ಕೆಳಗೆ ಏನಿತ್ತು ಗೊತ್ತಾ? ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಯಾರದೋ ಹಳೇ ಚಪ್ಪಲಿ! ಅದನ್ನೆಲ್ಲ ಬಗೆದು ಹೊರಹಾಕಿದ ಮೇಲೆ ಕಾಣಿಸಿತು ನೋಡಿ, ಕೆಂಪು ಮಣ್ಣು. ಅದಕ್ಕೆ ಸಗಣಿ ಗೊಬ್ಬರ, ಸ್ವಲ್ಪ ಮರಳು ಬೆರೆಸಿದೆವು. ನೀರು ನಿಲ್ಲದಂತೆ ಗೇಟಿನ ಕಡೆಗೆ ಕೊಂಚ ಇಳಿಜಾರು ಕೊಟ್ಟೆವು. ಕೆಂಗೇರಿ ಕಡೆಯ ನರ್ಸರಿಯೊಂದರಿಂದ ಚಾಪೆಯಂತೆ ಸುರುಳಿ ಸುತ್ತಿದ ಹುಲ್ಲು ತಂದು ಹಾಸಿದೆವು.

"ದಿನಾ ನೀರು ಬೇಕು ಮೇಡಂ" ಅಂದಿದ್ದರು ನರ್ಸರಿಯವರು.

"ಹಾಕ್ತೀವಿ ಬಿಡಿ" ಅಂದಿದ್ದೆ. (ಬೇಸಿಗೆಯಲ್ಲಿ ನಮ್ಮ ನಲ್ಲಿಗೆ ದಿನಾ ನೀರು ಬರುತ್ತದೆಯೇ ಅಂತ ಆ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತೆ?)

ಕೆಲವು ವಾರ ನಮ್ಮನೆ ಥೇಟ್ ಕ್ರಿಕೆಟ್ ಸ್ಟೇಡಿಯಂ. ಏಪ್ರಿಲ್ ಬಂತು. ನೀರು ಒಂದು ದಿನ ಬಂದರೆ ಎರಡು ದಿನ ಇಲ್ಲ. ಹುಲ್ಲು ಹಳದಿಯಾಯಿತು, ಆಮೇಲೆ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಅಷ್ಟಾದರೂ ನಾನು ಬಿಡಲಿಲ್ಲ. ನಡುನಡುವೆ ಅದೆಂಥದೋ ಗಿಣ್ಣು ಗಿಣ್ಣಿನ ಕಳೆ ತಲೆ ಎತ್ತುತ್ತಿತ್ತು. ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಅದನ್ನು ಕೀಳುವುದೇ ಕೆಲಸ.

ಒಂದು ದಿನ ಕುರ್ಚಿಯಿಂದ ಅತ್ತೆ ಕೇಳಿದರು. "ಅಲ್ವೇ, ನೀನು ಹಾಕಿದ್ದು ಸಾಯ್ತಾ ಇದೆ. ಕಿತ್ತಿದ್ದು ಬರ್ತಾನೇ ಇದೆ. ಯಾವುದನ್ನ ಸಾಕ್ತಾ ಇದೀಯ ನೀನು?"

ಕೈಯಲ್ಲಿದ್ದ ಹಿಡಿ ಹುಲ್ಲನ್ನು ಆಗ ಸರಿಯಾಗಿ ನೋಡಿದೆ. ಗರಿಕೆ! ಗಣಪತಿಗೆ ಏರಿಸುವ ಗರಿಕೆ! ಮೊಬೈಲಿನಲ್ಲಿ ಹುಡುಕಿದರೆ, ಇದನ್ನೂ ಲಾನಿಗೆ ಬೆಳೆಸುತ್ತಾರಂತೆ. ಬಿಸಿಲೆಂದರೆ ಇದಕ್ಕೆ ಪ್ರೀತಿ. ನೀರು ತಪ್ಪಿದರೆ ಒಣಗಿದಂತೆ ಕಾಣುತ್ತದೆ, ಬೇರು ಮಾತ್ರ ಜಪ್ಪಯ್ಯ ಅನ್ನುವುದಿಲ್ಲ.

"ಅಷ್ಟು ಕಷ್ಟಪಟ್ಟು ಹಾಸಿದ್ದನ್ನ ಕೀಳ್ತೀಯಾ?" ಯಜಮಾನರ ಮುಖ ಚಿಕ್ಕದಾಯಿತು.

"ಅದು ಆಗ್ಲೇ ಹೋಗಿದೆ ರೀ. ಏಳಿ."

ಜ್ಞಾನಭಾರತಿ ಹತ್ತಿರ ಗೆಳತಿಯ ಖಾಲಿ ಸೈಟು ಇದೆ. ಅಲ್ಲಿಂದ ಒಂದು ಚೀಲ ಗರಿಕೆ ಬಳ್ಳಿ ತಂದೆವು. ಕುರ್ಚಿಯಲ್ಲಿ ಕೂತೇ ಅತ್ತೆ ಅದನ್ನೆಲ್ಲ ಬೆರಳುದ್ದ ತುಂಡು ಮಾಡಿಕೊಟ್ಟರು, ಆ ಮುರಿದು ಕೂಡಿದ ಕೈಯಿಂದಲೇ! ನಾವು ನೆಟ್ಟೆವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಅದಕ್ಕೇ. "ಏನಾದ್ರೂ ಕಾಣ್ತಾ ಇದೆಯೇನೇ?" ಅಂತ ಅತ್ತೆ ಹೊತ್ತು ಹೊತ್ತಿಗೂ ಕತ್ತು ಚಾಚುತ್ತಿದ್ದರು.

ಮೇ ತಿಂಗಳಲ್ಲಿ ಆಲಿಕಲ್ಲು ಸಮೇತ ಮಳೆ ಸುರಿಯಿತು. ಅದಾದ ವಾರದೊಳಗೆ ಹಸಿರು ಗೇಟಿನ ಕಡೆಗೆ ಓಡತೊಡಗಿತು. ಹಬ್ಬಿತು ಅನ್ನಲಾರೆ, ಓಡಿತು! (ಪಕ್ಕದ ಮನೆಯ ಹೊಂಗೆಮರದ ನೆರಳಲ್ಲಿ ಮಾತ್ರ ಏನು ಮಾಡಿದರೂ ಬರಲಿಲ್ಲ. ಅಲ್ಲಿ ಹೂಕುಂಡ ಇಟ್ಟೆವು.) ಈಗ ಯಜಮಾನರು ದೊಡ್ಡ ಕತ್ತರಿ ಹಿಡಿದು ತೀರಾ ಗಿಡ್ಡವಾಗದಂತೆ ಅದಕ್ಕೆ ಕಟಿಂಗ್ ಮಾಡುತ್ತಾರೆ.

ಕಳೆದ ಭಾನುವಾರ ಸಂಜೆ ಅತ್ತೆ ಹೊಸ್ತಿಲ ಮೇಲೆ ನಿಂತರು. "ಜಾರಲ್ಲ ತಾನೇ?"

"ಇಲ್ಲ ಅತ್ತೆ, ಬನ್ನಿ." ನಾನು ಕೈ ಚಾಚಿದೆ. ಅವರು ಹಿಡಿಯಲಿಲ್ಲ.

ಬರಿಗಾಲು ಇಟ್ಟರು. ಒಂದು ಕ್ಷಣ ಕಣ್ಣು ಮುಚ್ಚಿದರು. "ತಣ್ಣಗಿದೆ ಕಣೇ!" ಅಂತ ನಕ್ಕರು. ನಡೆದರು, ಗೇಟಿನವರೆಗೂ. ಚಿಲಕ ತೆಗೆದು ಬೀದಿ ಕಡೆ ಇಣುಕಿದರು.

"ಪಾರ್ಕ್ ತೆಗ್ದಿರ್ತಾರೇನೋ ಈಗ?"

ಯಜಮಾನರು ಚಪ್ಪಲಿ ತರಲು ಓಡಿದ ಸ್ಪೀಡ್ ನೀವು ನೋಡಬೇಕಿತ್ತು!

ಅಮ್ಮ ಮಗ ಆ ಕಡೆ ಹೋದರು. ನಾನು ಗೇಟಿಗೆ ಒರಗಿ, ಕಣ್ಣೊರೆಸಿಕೊಂಡು ಬೀದಿ ನೋಡಿದೆ. ಎಲ್ಲ ಮನೆ ಮುಂದೆಯೂ ಟೈಲ್ಸು, ಕಾಂಕ್ರೀಟು, ಗ್ರಾನೈಟು. ಬಿದ್ದ ಮಳೆಯೆಲ್ಲ ಸೀದಾ ಮೋರಿಗೆ. ಆಮೇಲೆ ಬೋರ್‌ವೆಲ್ ಬತ್ತಿತು ಅಂತ ಗೋಳು.

ಅಂದ ಹಾಗೆ, ನಿಮ್ಮ ಸೈಟಿನ ಮಣ್ಣಿಗೆ ಕೊನೆಯ ಸಲ ಮಳೆ ತಾಗಿದ್ದು ಯಾವಾಗ?