ಮೈಕ್ ಬಂದ್ ಮಾಡಿದ ಪಾಠ

ನಮ್ಮ ಸಹಕಾರ ಸಂಘದ ಸಿಬ್ಬಂದಿಗೆ ಆನ್‌ಲೈನ್ ತರಬೇತಿಯ ಯೋಜನೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲ ದಿನ ಯಾದಗಿರಿ, ಶಹಾಪುರ, ಸುರಪುರ ಕಡೆಯ ಶಾಖೆಯವರೆಲ್ಲ ಮೊಬೈಲಿನಲ್ಲಿ ಹಾಜರಾದರು. ಆದರೆ ಪಾಠ ಶುರುವಾಗಲಿಲ್ಲ. ಪ್ರತಿಯೊಬ್ಬರೂ ಉಳಿದವರನ್ನೆಲ್ಲ ಹೆಸರು ಹಿಡಿದು, "ಊಟ ಆತೇನ್ರಿ?" ಎಂದು ಕೇಳುತ್ತಿದ್ದರು. ಕೇಳಿಸಿಕೊಂಡವರು ಯಾವ ಪಲ್ಯ ಎಂಬುದನ್ನೂ ಹೇಳುತ್ತಿದ್ದರು. ಅರ್ಧ ತಾಸು ಹೀಗೇ ಹೋಯಿತು. ನನಗೆ ತಲೆಕೆಟ್ಟು ಎಲ್ಲರ ಮೈಕ್ ಬಂದ್ ಮಾಡಿದೆ.

ಮರುದಿನ ಒಬ್ಬರೂ ಬರಲಿಲ್ಲ. ತರಬೇತಿ ನಿಂತರೆ ಮುಖ್ಯ ಕಚೇರಿಯವರು ನನ್ನನ್ನು ಸುಮ್ಮನೆ ಬಿಡುವವರಲ್ಲ. ಗಾಬರಿಯಾಗಿ ಗೋಗಿ ಶಾಖೆಯ ಕ್ಲರ್ಕ್ ಶಾಂತಮ್ಮನವರಿಗೆ ಫೋನ್ ಮಾಡಿದೆ.

"ಬಾಯಿ ಮುಚ್ಚಿಸಿ ಏನ್ ಕಲಿಸಾಕತ್ತೀರಿ ಸರ್?" ಎಂದರು. "ಮನಿಗಿ ಬಂದೋರನ್ನ ಊಟ ಕೇಳಲಾರ್ದ ಕೂಡಸ್ತಾರೇನ್ರಿ? ನೀವಂತೂ ನಮ್ಮನ್ನ ಒಮ್ಮೆನೂ ಕೇಳಲಿಲ್ಲ."

ಅಂದೇ ಯೋಜನೆ ತಿದ್ದಿದೆ. ಹೊಸ ಯೋಜನೆಯಲ್ಲಿ ಮೊದಲ ಹತ್ತು ನಿಮಿಷ ಊಟದ ವಿಚಾರಣೆಗೇ ಬಿಟ್ಟೆ, ನಾನೂ ಕೇಳಿದೆ. ಎಲ್ಲರೂ ಬಂದರು, ಪಾಠವೂ ಮುಗಿಯಿತು.

ಮುಖ್ಯ ಕಚೇರಿಯವರಿಗೆ ಇದು ಎಷ್ಟು ಹಿಡಿಸಿತೆಂದರೆ ಎಲ್ಲ ಜಿಲ್ಲೆಗೂ ಕಡ್ಡಾಯ ಮಾಡಿದರು. ಬಾಯಿಂದ ಕೇಳಿದರೆ ಸಮಯ ಹಾಳೆಂದು, ಪಾಠದ ಕೊನೆಗಿಡುವ ಆನ್‌ಲೈನ್ ಪರೀಕ್ಷೆಯ ಮೊದಲ ಪ್ರಶ್ನೆಯಾಗಿಯೇ ಸೇರಿಸಿಬಿಟ್ಟರು: "ನಿಮ್ಮ ಊಟವಾಯಿತೇ? ಹೌದು ಅಥವಾ ಇಲ್ಲ."

ಮೊನ್ನೆ ಆ ಪರೀಕ್ಷೆಗೆ ನಾನೇ ಕೂತೆ. ಹಸಿದಿದ್ದೆ, ಇದ್ದದ್ದು ಇದ್ದ ಹಾಗೆ "ಇಲ್ಲ" ಒತ್ತಿದೆ.

"ತಪ್ಪು ಉತ್ತರ. ಪಾಠವನ್ನು ಮೊದಲಿನಿಂದ ಕೇಳಿ" ಎಂದು ಬಂತು.

ಶಾಂತಮ್ಮನವರ ಮುಂದೆ ಊಟ ಆಗಿಲ್ಲ ಎಂದಿದ್ದರೆ ಎರಡು ರೊಟ್ಟಿಯಾದರೂ ಸಿಗುತ್ತಿದ್ದವು.