ಶಿವಲೀಲಾಳ ಎಡಗಣ್ಣು

ಸಿರುಗುಪ್ಪದ ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿಯ ಡಬ್ಬದ ಹಿಂದೆ, ಎರಡು ಮುಚ್ಚಳಗಳ ಪುಟ್ಟ ಅವಳಿ ಡಬ್ಬಿಯೊಂದು ಅವಿತು ಕೂತಿರುವುದನ್ನು ನಾನು ಕಂಡದ್ದು, ಸೊಸೆ ಶಿವಲೀಲಾ ಕುರುಗೋಡಿನಿಂದ ಬಂದು ಮನೆ ತುಂಬಿದ ಹೊಸತರಲ್ಲಿ. ಕಣ್ಣಿನ ಮೇಲೇ ಕೂರಿಸಿಕೊಳ್ಳುವ ಲೆನ್ಸಿನ ಡಬ್ಬಿ ಅದು. ಕನ್ನಡಕದ ಹುಡುಗಿಯೆಂದು ಸಂಬಂಧ ತಪ್ಪೀತೆಂಬ ಅಂಜಿಕೆಯಲ್ಲಿ ತವರಿನವರು ಹೂಡಿದ ಉಪಾಯವಿರಬೇಕೆಂದುಕೊಂಡೆ. ಅವಳಾಗಿ ಹೇಳುವವರೆಗೆ ಕಾಣದವಳಂತಿರುವುದೂ ಒಂದು ಬಗೆಯ ಅಕ್ಕರೆಯೇ ಅಲ್ಲವೆ, ನೀವೇ ಹೇಳಿ.

ಒಂದು ಮುಂಜಾನೆ ಅವಳ ಎಡಗಣ್ಣು ಕೆಂಡದಂತಾಗಿತ್ತು. ಊರಲ್ಲೆಲ್ಲ ಇರುವ ಕಣ್ಣುಬೇನೆಯೇ ಇರಬೇಕೆಂದು ಔಷಧಿ ಅಂಗಡಿಯ ಹನಿ ಹಾಕಿದೆವು. ಮರುದಿನ ನೋವು ಇನ್ನಷ್ಟು ಹೆಚ್ಚಿ, ಬೆಳಕಿಗೆ ಮುಖ ಒಡ್ಡಲಾರದೆ ಸೆರಗು ಹೊದ್ದು ಕೂತಳು. “ಅತ್ತೀ, ಎಲ್ಲಾ ಮಂಜಮಂಜ ಕಾಣಾಕತ್ತೈತ್ರಿ” ಎಂದದ್ದೇ ತಡ, ಇಬ್ಬರೂ ಬಳ್ಳಾರಿಯ ಬಸ್ಸು ಹತ್ತಿದೆವು.

ಗಾಂಧಿನಗರದ ಕಣ್ಣಿನ ವೈದ್ಯೆ, ದೀಪದ ಯಂತ್ರಕ್ಕೆ ಅವಳ ಗದ್ದ ಆನಿಸಿ ಬಹಳ ಹೊತ್ತು ನೋಡಿ, “ಲೆನ್ಸ್ ಹಾಕ್ತೀಯೇನಮ್ಮಾ?” ಎಂದರು. ಶಿವಲೀಲಾ ನನ್ನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಆ ಮೌನ ಕಣ್ಣನ್ನೇ ನುಂಗೀತೆನಿಸಿ ನಾನೇ ಬಾಯಿಬಿಟ್ಟೆ: “ಹಾಕ್ಕೊಂತಾಳ್ರಿ ಡಾಕ್ಟ್ರೇ. ನಮ್ಮನಿಗೆ ಬಂದಾಗಿಂದ ಹಾಕ್ಕೊಂತಾಳ.”

“ನಿಮಗ ಗೊತ್ತಿತ್ತೇನ್ರಿ ಅತ್ತೀ?” ಎಂದವಳೇ ಅತ್ತುಬಿಟ್ಟಳು. ಅಳುವಿನ ನಡುವೆ ಉಳಿದದ್ದೂ ಹೊರಬಂತು: ಲೆನ್ಸ್ ತೊಳೆಯುವ ದ್ರಾವಣದ ಸೀಸೆ ನನ್ನ ಕಣ್ಣಿಗೆ ಬಿದ್ದೀತೆಂದು ನಲ್ಲಿ ನೀರಿನಲ್ಲೇ ತೊಳೆದದ್ದು, ಎಷ್ಟೋ ಸಲ ತೆಗೆಯದೇ ಮಲಗಿದ್ದು. ಮಾತಿಲ್ಲದ ಅಕ್ಕರೆ ಆ ಹುಡುಗಿಗೆ ತಿಳಿಯುವುದಾದರೂ ಹೇಗೆ?

“ಇದು ಬರೇ ಕಣ್ಣುಬ್ಯಾನಿ ಅಲ್ರಿ. ಕರಿಗುಡ್ಡಿ ಮ್ಯಾಲೆ ಹುಣ್ಣಾಗೈತಿ. ಯಾವ ಸೋಂಕು ಅಂತ ತಿಳೀಬೇಕು, ತಡ ಮಾಡಿದ್ರ ದೃಷ್ಟಿಗೇ ಕುತ್ತು” ಎಂದರು ವೈದ್ಯೆ. ಕಣ್ಣು ಮರಗಟ್ಟಿಸಿ, ಹುಣ್ಣಿನಿಂದ ಒಂದಿಷ್ಟು ಕೆರೆದು, ಅವಳ ಚೀಲದಲ್ಲಿದ್ದ ಲೆನ್ಸು, ಡಬ್ಬಿಗಳ ಜೊತೆಗೇ ಪರೀಕ್ಷೆಗೆ ಕಳಿಸಿದರು. ಅವಳು ನನ್ನ ಕೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಸೂಕ್ಷ್ಮಜೀವಿಯ ಗುರುತು ಸಿಕ್ಕಿತು, ಅದಕ್ಕೆ ತಕ್ಕ ಹನಿಯೂ ಸಿಕ್ಕಿತು. ಗಂಟೆಗೊಮ್ಮೆ ನಾನೂ ಮಗನೂ ಸರದಿಯಲ್ಲಿ ಹಾಕಿದೆವು. ಹುಣ್ಣು ನಿಧಾನವಾಗಿ ಮಾಯ್ದು, ಅಂಚಿನಲ್ಲೊಂದು ಸಣ್ಣ ಕಲೆ ಮಾತ್ರ ಉಳಿಯಿತು.

ಹೊಸ ಕನ್ನಡಕ ಬಂದ ದಿನ ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ನನ್ನನ್ನೇ ದಿಟ್ಟಿಸಿದಳು.

“ಏನರ ಕಾಣ್ತೈತೇನವಾ?” ಎಂದೆ.

“ಹಣಿ ಮ್ಯಾಲಿನ ಈಬತ್ತಿ ಸೊಟ್ಟಗೈತ್ರಿ ಅತ್ತೀ” ಎನ್ನುತ್ತ ಹತ್ತಿರ ಬಂದು, ತನ್ನ ಬೆರಳಿನಿಂದಲೇ ವಿಭೂತಿಯ ಗೆರೆ ತಿದ್ದಿದಳು.