ಅಪ್ಪನ ಜಾಗದಲ್ಲಿ ಕುಳಿತವನು

ಮೊನ್ನೆ ಇಂಡಿ ಪಟ್ಟಣದಲ್ಲಿ ಮೊಮ್ಮಗನ ಶಾಲೆಯ ಗ್ಯಾದರಿಂಗ್ ಇತ್ತು. ನಾಟಕಕ್ಕೆಂದು ಅವನಿಗೆ ಗಡ್ಡ ಅಂಟಿಸುವಾಗ ಗೋಂದಿನ ಘಾಟು ಮೂಗಿಗೆ ಬಡಿದು ಜರ್ಮನಿ ಸಾಹೇಬ ನೆನಪಾದ. ನೆನಪಿಡಬೇಕಾದ ಮನುಷ್ಯನೇನಲ್ಲ...

ಆತ ಸಿನಿಮಾ ನಟ, ನಿರ್ಮಾಪಕ. ನಮ್ಮ ಕಡೆ ಪಿಕ್ಚರ್ ತೆಗೆಯಲು ಬಂದವನು ನಮ್ಮ ಮಾಳಿಗೆಯ ಕೋಣೆಯಲ್ಲೇ ಬಾಡಿಗೆಗಿದ್ದ. ತನ್ನ ದೇಶದಲ್ಲಿ ಹರೆಯವೆಲ್ಲ ಬಾಗಿಲು ತೆರೆಯುವ ಆಳು, ಗುಂಡು ತಾಗಿ ಬೀಳುವ ಸಿಪಾಯಿ, ಇಂಥವೇ ಪಾತ್ರ ಮಾಡಿದ್ದನಂತೆ. ಮಾವನ ಕಾರ್ಖಾನೆ ಕೈಗೆ ಬಂದದ್ದೇ ತಾನೇ ನಿರ್ಮಾಪಕ, ತಾನೇ ಹೀರೋ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈತ ನೆಲವನ್ನೇ ಖರೀದಿ ಮಾಡಿದ್ದ.

ಪಿಕ್ಚರಿನಲ್ಲಿ ಅವನು ನಮ್ಮ ಕಡೆಯ ರೈತ. ಧೋತರ, ರುಮಾಲು, ಅಂಟಿಸಿದ ಗಡ್ಡ. ಕೊನೆಗೆ ಸಾಯುತ್ತಾನೆ. ಸತ್ತವರ ಮುಂದೆ ಹೆಂಗಸರು ಹಾಡಿ ಅಳುವುದು ನಮ್ಮಲ್ಲಿ ರೂಢಿ, ಅದರಲ್ಲಿ ಅವ್ವನದು ಎತ್ತಿದ ಕೈ. ತನ್ನ ಮುಂದೆ ಕುಳಿತು ಹಾಗೆ ಅಳಬೇಕೆಂದು ಕೇಳಿದ.

"ಜೀವಂತ ಇದ್ದವರ ಮುಂದ ಹಾಡ್ಯಾಡಿ ಅಳಬಾರದಪ್ಪ, ಅವಗ ಕೇಡು. ತಿಳಿಸಿ ಹೇಳು," ಎಂದಳು ಅವ್ವ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆತ ನಕ್ಕ.

ಮುಂದೆ ಕೆಲವೇ ದಿನಗಳಲ್ಲಿ ಅಪ್ಪ ಹಠಾತ್ತನೆ ತೀರಿಕೊಂಡ. ನಮ್ಮ ಪದ್ಧತಿಯಂತೆ ಪಡಸಾಲೆಯಲ್ಲಿ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆವು. ಸಾಹೇಬ ಹೆಗಲ ಚೀಲದೊಂದಿಗೆ ಬಂದು ಕಂಬದ ಬುಡದಲ್ಲಿ ತಲೆ ತಗ್ಗಿಸಿ ಕುಳಿತ. ಮಣ್ಣಿಗೆ ಒಯ್ಯುವವರೆಗೂ ಏಳಲಿಲ್ಲ, ನೀರೂ ಮುಟ್ಟಲಿಲ್ಲ. "ಪರದೇಶದಾಂವ ಆದ್ರೂ ನಿಯತ್ತ ನೋಡ್ರಿ," ಎಂದರು ಜನ. ಸಂಜೆ ಓಣಿಯವರು ರೊಟ್ಟಿ ತಂದಾಗ, "ಸಾಹೇಬಗ ಮೊದಲ ನೀಡ್ರಿ," ಎಂದವಳು ಅವ್ವನೇ.

ಅಂದು ಅವ್ವ ಹಾಡಿ ಅತ್ತಳು. ಅವಳ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಅಪ್ಪನ ಹೆಸರು ಹಿಡಿದು ಕರೆದಳು. ನಿಂಬಿ ಗಿಡಕ್ಕ ನೀರ ಬಿಟ್ಟು ಬರ್ತೇನಂತ ಹ್ವಾದಿ, ಯಾಕ ಬರಲಿಲ್ಲೊ ಎಂದಳು...

ಮರುವರ್ಷ ಸಾಹೇಬ ಸಿ.ಡಿ. ತಂದು ನಮ್ಮನ್ನೆಲ್ಲ ಟಿ.ವಿ. ಮುಂದೆ ಕೂರಿಸಿದ. ಪರದೆಯ ಮೇಲೆ ಅವನು ಸತ್ತು ಕುಳಿತಿದ್ದ, ಕಿವಿಯ ಹತ್ತಿರ ಗಡ್ಡ ಕಿತ್ತು ಬಂದಿತ್ತು. ಹಿಂದೆ ಅವ್ವನ ದನಿ. ಅಪ್ಪನ ಹೆಸರನ್ನೂ ಬಿಟ್ಟಿರಲಿಲ್ಲ. ಅಂದು ಚೀಲದಲ್ಲಿ ಏನಿತ್ತೆಂದು ಆಗ ತಿಳಿಯಿತು.

ಅವ್ವ ಎದ್ದಳು. "ನಾ ಕರದದ್ದು ನನ್ನ ಗಂಡನ್ನ. ಅವರ ಜಾಗಾದಾಗ ಇಂವ ಯಾಕ ಕುಂತಾನ?"

"ಅಮ್ಮಾಗೆ ಇಷ್ಟ ಆಯ್ತಾ?" ಎಂದು ಆತ ಹರಕುಮುರುಕು ಕನ್ನಡದಲ್ಲಿ ನನ್ನನ್ನು ಕೇಳಿದ. ಆ ದೃಶ್ಯದ ಅಭಿನಯಕ್ಕೆ ಅವನಿಗೆ ಬಹುಮಾನವೂ ಬಂತಂತೆ. ಕಣ್ಣು ಮುಚ್ಚಿ ಕುಳಿತದ್ದಕ್ಕೆ! ಥೂ.

ಅವ್ವ ಮತ್ತೆ ಯಾವ ಸಾವಿನಲ್ಲೂ ಹಾಡಲಿಲ್ಲ. ಸ್ವಂತ ತಂಗಿ ಸತ್ತಾಗಲೂ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಳು.

ಈಗ ಆತನೂ ಇಲ್ಲ, ಅವ್ವನೂ ಇಲ್ಲ. ಅವಳು ಹೋದ ದಿನ ಹಾಡಿ ಅಳಲು ಬರುವವರು ಓಣಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಮನೆಯಲ್ಲಿ ಅವಳ ಫೋಟೋಗಳಿವೆ. ದನಿ ಮಾತ್ರ ಆ ದರಿದ್ರ ಪಿಕ್ಚರಿನಲ್ಲೇ ಇದೆ, ಬೇರೆಲ್ಲೂ ಇಲ್ಲ.

ಗ್ಯಾದರಿಂಗ್ ಮುಗಿಸಿ ಬಂದವನು ಮೊಬೈಲಿನಲ್ಲಿ ಅದನ್ನು ಹುಡುಕಿ ಹಚ್ಚಿದೆ. ಸಾಹೇಬನ ಮುಖ ಬಂದಾಗ ಪರದೆಯ ಮೇಲೆ ಅಂಗೈ ಇಟ್ಟೆ. ಅವ್ವ ಅಪ್ಪನನ್ನು ಕರೆದಳು.